ಮಾರ್ಲಿನ್ ಪಂದ್ಯದ ಬಿಸಿಲು ಮತ್ತು ಚರ್ಮದ ಕ್ಯಾನ್ಸರ್: ಚರ್ಮವೈದ್ಯರ ಉತ್ತರಗಳು

ಪ್ರಶ್ನೆ: ಉಡುಪಿ ಕಡೆಯವನಾದ ನಾನು ಈಗ ಬ್ರಿಸ್ಬೇನ್‌ನಲ್ಲಿ ನೆಲೆಸಿದ್ದೇನೆ. ಬರುವ ಅಕ್ಟೋಬರ್‌ನಲ್ಲಿ ಸಹೋದ್ಯೋಗಿಗಳೊಂದಿಗೆ ಕೇರ್ನ್ಸ್ ಆಚೆಯ ಸಮುದ್ರದಲ್ಲಿ ಕಪ್ಪು ಮಾರ್ಲಿನ್ ಎಂಬ ದೊಡ್ಡ ಮೀನನ್ನು ಗಾಳ ಹಾಕಿ ಹಿಡಿಯುವ ಪಂದ್ಯಕ್ಕೆ ಹೋಗಲಿದ್ದೇನೆ. ನಮ್ಮ ತಂಡದ ಬಿಳಿಯ ಗೆಳೆಯರಲ್ಲಿ ಇಬ್ಬರು ಚರ್ಮದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಕಂದು ಮೈಬಣ್ಣದ ನನಗೆ ಅದರ ಭಯವಿಲ್ಲ ಎಂದು ಅವರೇ ಹೇಳುತ್ತಾರೆ. ಇದು ನಿಜವೇ? ನಾನು ರಕ್ತದೊತ್ತಡದ ಮಾತ್ರೆಯನ್ನೂ ಸೇವಿಸುತ್ತಿದ್ದೇನೆ.
— ಓದುಗರು, ಬ್ರಿಸ್ಬೇನ್

ಉತ್ತರ: ಅವರ ಮಾತು ಬಹುಪಾಲು ನಿಜ, ಆದರೆ ಪೂರ್ತಿ ನಿಜವಲ್ಲ. ಉತ್ತರ ಯುರೋಪಿನ ಮಂದ ಬಿಸಿಲಿಗೆ ಹೊಂದಿಕೊಂಡ ಚರ್ಮದವರು ಆಸ್ಟ್ರೇಲಿಯಾದ ಪ್ರಖರ ಬಿಸಿಲಿಗೆ ಬಂದು ನೆಲೆಸಿದ್ದರಿಂದ, ಆ ದೇಶದಲ್ಲಿ ಮೂವರಲ್ಲಿ ಇಬ್ಬರಿಗೆ 70 ವರ್ಷ ತುಂಬುವುದರೊಳಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ನಿಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಈ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಅಲ್ಲದೆ ನಮ್ಮಂಥವರಲ್ಲಿ ಮೆಲನೋಮ ಎಂಬ ಮಾರಕ ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಾಗ ಅದು ಹೆಚ್ಚಾಗಿ ಬಿಸಿಲೇ ತಾಗದ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಹುಟ್ಟುತ್ತದೆ. ಅಲ್ಲಿ ಯಾರೂ ಹುಡುಕುವುದಿಲ್ಲವಾದ್ದರಿಂದ ತಡವಾಗಿ ಗೊತ್ತಾಗುತ್ತದೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲ್ಬೆರಳಿನ ಉಗುರಿನ ಅಡಿಯ ಇಂಥದೇ ಮೆಲನೋಮ. 1981ರಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 36 ವರ್ಷ.

ಇನ್ನು ನೀವು ಹೊರಟಿರುವ ಪಂದ್ಯದ ವಿಷಯ. 1966ರಲ್ಲಿ ಕೇರ್ನ್ಸ್‌ನ ದೋಣಿಯೊಂದು 1,064 ಪೌಂಡ್, ಅಂದರೆ ಸುಮಾರು 482 ಕಿಲೋ ತೂಕದ ಕಪ್ಪು ಮಾರ್ಲಿನ್ ತಂದಾಗಿನಿಂದ ಆ ಊರು ಈ ಕ್ರೀಡೆಗೆ ಹೆಸರಾಗಿದೆ. ದೊಡ್ಡ ಹೆಣ್ಣು ಮೀನುಗಳು ಗ್ರೇಟ್ ಬ್ಯಾರಿಯರ್ ರೀಫ್‌ನ ಹೊರ ಅಂಚಿಗೆ ಬರುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಬಿಸಿಲು ಏರುತ್ತ ಹೋಗುವುದೂ ಅದೇ ತಿಂಗಳುಗಳಲ್ಲಿ. ಬಿಸಿಲಿನ ಅತಿನೇರಳೆ ಕಿರಣದ ತೀವ್ರತೆ ತಿಳಿಸುವ ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು ಎಂದು ಆಸ್ಟ್ರೇಲಿಯನ್ನರಿಗೆ ಹೇಳಲಾಗುತ್ತದೆ. ಅಕ್ಟೋಬರ್ ಮಧ್ಯಾಹ್ನದ ಕೇರ್ನ್ಸ್‌ನಲ್ಲಿ ಅದು 11ನ್ನೂ ಮೀರುವುದು ಸಾಮಾನ್ಯ.

ಈ ಕ್ರೀಡೆಯ ನಿಯಮವೇ ಆಟಗಾರನನ್ನು ಬಿಸಿಲಿನಲ್ಲಿ ಕೂರಿಸುತ್ತದೆ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. 1939ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘದ ನಿಯಮದಂತೆ, ಮೀನು ಗಾಳಕ್ಕೆ ಸಿಕ್ಕ ಮೇಲೆ ಬೇರೊಬ್ಬರು ಕೋಲನ್ನಾಗಲಿ ದಾರವನ್ನಾಗಲಿ ಮುಟ್ಟಿದರೆ ಆ ಮೀನು ದಾಖಲೆಗೆ ಅನರ್ಹ. ಹಾಗಾಗಿ ಹೋರಾಟ ಅರ್ಧ ಗಂಟೆಯದಾಗಲಿ, ಮೂರು ಗಂಟೆಯದಾಗಲಿ, ನೀವು ದೋಣಿಯ ಹಿಂಭಾಗದಲ್ಲಿರುವ ಕುರ್ಚಿಯನ್ನು ಬಿಟ್ಟೇಳುವಂತಿಲ್ಲ. ಸಹಾಯಕರು ಕುರ್ಚಿಯನ್ನು ತಿರುಗಿಸುವುದು ಮೀನಿನ ದಿಕ್ಕಿಗೆ. ನೆರಳು ಯಾವ ಕಡೆಗಿದೆ ಎಂದು ಯಾರೂ ನೋಡುವುದಿಲ್ಲ. ತಂಗಾಳಿ ಬೀಸುತ್ತಿರುವುದರಿಂದ ಚರ್ಮ ಸುಡುತ್ತಿರುವುದೂ ತಿಳಿಯುವುದಿಲ್ಲ, ಏಕೆಂದರೆ ಅತಿನೇರಳೆ ಕಿರಣಕ್ಕೆ ಬಿಸಿಯ ಅನುಭವವಿಲ್ಲ. ನೀರಿನಿಂದ ಪ್ರತಿಫಲಿಸುವ ಕಿರಣವನ್ನು ಜನ ಹೆಚ್ಚು ದೂರುತ್ತಾರೆ. ಆದರೆ ನೀರಿನ ಮೇಲ್ಮೈ ಹತ್ತನೇ ಒಂದು ಪಾಲಿಗಿಂತ ಕಡಿಮೆ ಹಿಂದಿರುಗಿಸುತ್ತದೆ, ನೊರೆ ಮಾತ್ರ ಕಾಲು ಭಾಗದಷ್ಟು. ನಿಮ್ಮನ್ನು ಸುಡುವ ಬಹುಪಾಲು ಕಿರಣ ನೆತ್ತಿಯ ಮೇಲಿನ ಸೂರ್ಯನಿಂದ ಮತ್ತು ತೆರೆದ ಆಕಾಶದಿಂದ ಬರುವಂಥದು. ತೆಳು ಮೋಡ ಅದನ್ನು ತಡೆಯುವುದಿಲ್ಲ.

ಆದ್ದರಿಂದ ರಕ್ಷಣೆಯೆಲ್ಲವೂ ಗಾಳ ನೀರಿಗೆ ಬೀಳುವ ಮೊದಲೇ ಮೈಮೇಲಿರಬೇಕು. ನನ್ನ ಅಭಿಪ್ರಾಯದಲ್ಲಿ ಬಟ್ಟೆಗೆ ಮೊದಲ ಸ್ಥಾನ, ಕ್ರೀಮಿಗೆ ಎರಡನೆಯದು. ಯುಪಿಎಫ್ 50+ ಎಂದು ಗುರುತಿಸಿದ, ಟೊಪ್ಪಿಗೆಯಿರುವ ಉದ್ದ ತೋಳಿನ ಅಂಗಿ ಐವತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಿರಣವನ್ನು ಒಳಬಿಡುವುದಿಲ್ಲ, ಬೆವರಿಗೆ ತೊಳೆದುಹೋಗುವುದೂ ಇಲ್ಲ. ಬರಿಯ ಕ್ರಿಕೆಟ್ ಟೋಪಿ ಕಿವಿ ಮತ್ತು ಕುತ್ತಿಗೆಯನ್ನು ಬಿಟ್ಟುಬಿಡುತ್ತದೆ. ಗಾಳಗಾರರ ಕಿವಿಯ ಮೇಲಂಚು ವೈದ್ಯರ ಕೈಗೆ ಮತ್ತೆ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ. ಕ್ರೀಮಿನ ವಾಸನೆಗೆ ಮೀನು ಕಚ್ಚುವುದಿಲ್ಲವೆಂದು ಅನೇಕರು ಅಂಗೈ ಹಿಂಬದಿಗೆ ಏನೂ ಹಚ್ಚುವುದಿಲ್ಲ. ಆ ನಂಬಿಕೆಯ ಬಗ್ಗೆ ಅವರೊಡನೆ ವಾದಕ್ಕಿಳಿಯುವ ಬದಲು ಬೆರಳ ತುದಿ ತೆರೆದ ಕೈಗವಸು ಹಾಕಿಕೊಳ್ಳಿ.

ಮುಖ, ಕಿವಿ, ತುಟಿಗೆ ಎಸ್‌ಪಿಎಫ್ 50+ ಸನ್‌ಸ್ಕ್ರೀನನ್ನು ಬಿಸಿಲಿಗೆ ಬರುವ 20 ನಿಮಿಷ ಮೊದಲು ಹಚ್ಚಬೇಕು. ಮುಖ, ಕುತ್ತಿಗೆ, ಕಿವಿ ಸೇರಿ ಒಂದು ಟೀ ಚಮಚ ತುಂಬ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಬೇಕು. ಮೀನಿನೊಡನೆ ಸೆಣಸುತ್ತಿರುವಾಗ ಸಹಾಯಕರು ನಿಮ್ಮ ಮುಖಕ್ಕೆ ಹಚ್ಚಬಹುದು. ನಿಯಮ ಕೋಲನ್ನು ಮುಟ್ಟಬಾರದೆನ್ನುತ್ತದೆ, ಮೂಗನ್ನಲ್ಲ! ಕ್ರೀಮಿನಿಂದ ಪ್ರಯೋಜನವಿಲ್ಲ ಎನ್ನುವ ಗೆಳೆಯರಿಗೆ ನಿಮ್ಮ ಊರಿನ ಉತ್ತರಕ್ಕಿರುವ ನ್ಯಾಂಬೂರ್ ಪಟ್ಟಣದ ಪ್ರಯೋಗವನ್ನು ತಿಳಿಸಿ. 1992ರಿಂದ 1996ರವರೆಗೆ ಸುಮಾರು 1,600 ನಿವಾಸಿಗಳ ಮೇಲೆ ನಡೆದ ಆ ಪ್ರಯೋಗದಲ್ಲಿ, ದಿನವೂ ಹಚ್ಚಿದವರಲ್ಲಿ ಸ್ಕ್ವೇಮಸ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಕಡಿಮೆಯಾಯಿತು, ಮುಂದಿನ ವರ್ಷಗಳಲ್ಲಿ ಹೊಸ ಮೆಲನೋಮಗಳೂ ಅರ್ಧದಷ್ಟಾದವು.

ನಿಮ್ಮ ಮಾತ್ರೆಯ ಪಟ್ಟಿಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇದೆಯೇ ನೋಡಿ. ರಕ್ತದೊತ್ತಡಕ್ಕೆ ಬಹಳವಾಗಿ ಬಳಸುವ ಈ ಔಷಧ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುತ್ತದೆ; ದೀರ್ಘಕಾಲದ ಸೇವನೆಗೂ ಮೆಲನೋಮವಲ್ಲದ ಚರ್ಮದ ಕ್ಯಾನ್ಸರ್‌ಗಳಿಗೂ ನಂಟು ಕಂಡುಬಂದಿದೆ. ನೀವಾಗಿಯೇ ನಿಲ್ಲಿಸಬೇಡಿ, ಪ್ರಯಾಣಕ್ಕೆ ಮೊದಲು ನಿಮ್ಮ ವೈದ್ಯರೊಡನೆ ಚರ್ಚಿಸಿ.

ಪ್ರಶ್ನೆ: ನಮ್ಮ ಮೀನುಗಾರರು ಜೀವಮಾನವಿಡೀ ಬಿಸಿಲಿನಲ್ಲಿರುತ್ತಾರೆ. ಅವರಿಗೆ ಏನೂ ಆಗುವುದಿಲ್ಲವಲ್ಲ?
— ಓದುಗರು, ಕುಮಟಾ

ಉತ್ತರ: ಚರ್ಮದ ಕ್ಯಾನ್ಸರ್ ಅವರಲ್ಲಿ ವಿರಳ ಎಂಬುದು ಸರಿ, ಕಾರಣ ಮೇಲೆ ಹೇಳಿದ ಮೆಲನಿನ್. ಆದರೆ ಕಣ್ಣಿಗೆ ಆ ರಕ್ಷಣೆಯಿಲ್ಲ. ಬಿಳಿಗುಡ್ಡೆಯಿಂದ ಕಪ್ಪುಗುಡ್ಡೆಯತ್ತ ಮಾಂಸದ ಪೊರೆ ಬೆಳೆಯುವುದಕ್ಕೆ, ಕಣ್ಣಿನ ಪೊರೆಗೆ ಬಿಸಿಲೂ ಒಂದು ಕಾರಣ. ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಆಲ್ಬಿನಿಸಂ ಉಳ್ಳವರಿಗಂತೂ ಕಡಲ ಕೆಲಸ ಬಹಳ ಅಪಾಯಕಾರಿ.

ಪ್ರಶ್ನೆ: ನನ್ನ ಪತಿ ಕಿಂಗ್ ಮೆಕೆರಲ್ ಮೀನು ಹಿಡಿಯುವ ಪಂದ್ಯಗಳಿಗೆ ಹೋಗುತ್ತಾರೆ. ಅವರ ಕಾಲಿನ ಹೆಬ್ಬೆರಳ ಉಗುರಿನಲ್ಲಿ ಕಪ್ಪು ಗೆರೆ ಕಂಡಿದೆ. ದೋಣಿಯಲ್ಲಿ ಏಟು ಬಿದ್ದದ್ದು ಎನ್ನುತ್ತಾರೆ.
— ಓದುಗರು, ಫ್ಲಾರಿಡಾ

ಉತ್ತರ: ಏಟಿನ ರಕ್ತವಾದರೆ ಉಗುರು ಬೆಳೆದಂತೆ ಆ ಕಲೆ ಮುಂದಕ್ಕೆ ಸರಿದು, ಬುಡದಲ್ಲಿ ಸ್ವಚ್ಛ ಉಗುರು ಕಾಣಬೇಕು. ಕಾಲಿನ ಉಗುರು ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟೇ ಬೆಳೆಯುವುದರಿಂದ, ಇಂದು ಬುಡದಿಂದ ಅಳತೆಯೊಂದಿಗೆ ಫೋಟೋ ತೆಗೆದಿಟ್ಟು ತಿಂಗಳ ನಂತರ ಹೋಲಿಸಿ. ಕಂದು ಮೈಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ತೆಳು ಗೆರೆಗಳಿರುವುದು ಸಹಜವೇ. ಆದರೆ ಗೆರೆ ಒಂದೇ ಉಗುರಿನಲ್ಲಿ ಹೊಸದಾಗಿ ಬಂದಿದ್ದರೆ, ಮೂರು ಮಿಲಿಮೀಟರಿಗಿಂತ ಅಗಲವಿದ್ದರೆ, ಅಗಲವಾಗುತ್ತಲೇ ಹೋಗುತ್ತಿದ್ದರೆ, ಅಥವಾ ಕಪ್ಪು ಬಣ್ಣ ಉಗುರನ್ನು ದಾಟಿ ಸುತ್ತಲಿನ ಚರ್ಮಕ್ಕೆ ಹರಡಿದ್ದರೆ ತಿಂಗಳು ಕಾಯುವುದು ಬೇಡ. ಚರ್ಮವೈದ್ಯರಲ್ಲಿಗೆ ಈ ವಾರವೇ ಕರೆದೊಯ್ಯಿರಿ. ಅವರು ಬಯಾಪ್ಸಿ (ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು) ಬೇಕೆಂದರೆ ಒಪ್ಪಿಕೊಳ್ಳಿ. ಅಷ್ಟರವರೆಗೆ ಶಿಲೀಂಧ್ರದ ಔಷಧವನ್ನೂ ಉಗುರುಬಣ್ಣವನ್ನೂ ಅದರ ಮೇಲೆ ಹಚ್ಚಬೇಡಿ.