ಎರಡೇ ಎಂಜಿನ್ನಿನ ಸಣ್ಣ ವಿಮಾನ ಸಾಗರ ದಾಟಬಹುದೇ?

ಪ್ರಶ್ನೆ: ಸ್ಪೇನ್‌ನಲ್ಲಿ ಓದುತ್ತಿರುವ ನನ್ನ ಮಗಳು ಮುಂದಿನ ತಿಂಗಳು ಮ್ಯಾಡ್ರಿಡ್‌ನಿಂದ ಬೋಸ್ಟನ್‌ಗೆ ಹೋಗಲಿದ್ದಾಳೆ. ಆಕೆಯ ಟಿಕೆಟ್‌ನಲ್ಲಿ ಏರ್‌ಬಸ್ ಎ321 ಎಕ್ಸ್‌ಎಲ್‌ಆರ್ ಎಂದಿದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವಂಥ, ಆಸನಗಳ ನಡುವೆ ಒಂದೇ ದಾರಿಯಿರುವ ವಿಮಾನ ಅಟ್ಲಾಂಟಿಕ್ ದಾಟುವಾಗ ಎಂಜಿನ್ ಕೆಟ್ಟರೆ ಗತಿಯೇನು?
— ಒಬ್ಬ ತಂದೆ, ಗಂಗಾವತಿ

ಉತ್ತರ: ನಿಮ್ಮ ಆತಂಕ ಸಹಜವಾದುದು. ಆದರೆ ಇಲ್ಲಿ ನೋಡಬೇಕಾದದ್ದು ವಿಮಾನದ ಗಾತ್ರವನ್ನಲ್ಲ. ಇಂದು ಸಾಗರ ದಾಟುವ ಬೋಯಿಂಗ್ 777ರಂಥ ದೊಡ್ಡ ವಿಮಾನಗಳಿಗೂ ಇರುವುದು ಎರಡೇ ಎಂಜಿನ್. ಒಂದು ಎಂಜಿನ್ ನಿಂತರೆ, ಉಳಿದೊಂದರಲ್ಲಿ ಎಷ್ಟು ಹೊತ್ತಿನೊಳಗೆ ನಿಲ್ದಾಣ ಸೇರಬಹುದು ಎಂಬುದೇ ಮುಖ್ಯ.

ನಮ್ಮ ಕೊಪ್ಪಳ, ಬಳ್ಳಾರಿಗಳ ಮೇಲೆ ಹಾರುವ ವಿಮಾನಕ್ಕೆ ಹುಬ್ಬಳ್ಳಿ, ಹೈದರಾಬಾದ್, ಬೆಂಗಳೂರು ಹತ್ತಿರದಲ್ಲೇ ಇರುವುದರಿಂದ ಈ ಪ್ರಶ್ನೆ ಏಳುವುದಿಲ್ಲ. ಸಾಗರದ ಮೇಲೆ ಏಳುತ್ತದೆ. ಅಮೆರಿಕದ ಹಳೆಯ ನಿಯಮ ಎರಡು ಎಂಜಿನ್ನಿನ ವಿಮಾನವನ್ನು ನಿಲ್ದಾಣದಿಂದ 60 ನಿಮಿಷಗಳ ಹಾರಾಟದ ಅಂತರದೊಳಗೆ ಕಟ್ಟಿಹಾಕಿತ್ತು. ಎಂಜಿನ್‌ಗಳು ಹೆಚ್ಚು ನಂಬಿಕೆಗೆ ಅರ್ಹವಾದಂತೆ ಆ ಮಿತಿ 1985ರಲ್ಲಿ 120 ನಿಮಿಷಗಳಿಗೆ, 1988ರಲ್ಲಿ 180 ನಿಮಿಷಗಳಿಗೆ ಏರಿತು. ಇಟಾಪ್ಸ್ ಎಂದು ಕರೆಯುವ ಈ ಅನುಮತಿ ಸುಮ್ಮನೆ ಸಿಗುವುದಿಲ್ಲ. ವಿಮಾನದ ವಿನ್ಯಾಸ, ಕಂಪನಿಯ ದುರಸ್ತಿ ವ್ಯವಸ್ಥೆ, ಸಿಬ್ಬಂದಿಯ ತರಬೇತಿ ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ಸರಕಿನ ಕೋಣೆಯಲ್ಲಿ ಬೆಂಕಿ ಹತ್ತಿದರೆ ಅದನ್ನು ಅಡಗಿಸುವ ಅನಿಲ ಕೂಡ ನಿಲ್ದಾಣ ಸೇರುವವರೆಗೆ ಸಾಲಬೇಕು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಧೈರ್ಯ ಕೊಡುವುದು ಇಂಧನದ ಲೆಕ್ಕ. ಹೊರಡುವ ಮುನ್ನವೇ ಮಾರ್ಗದಲ್ಲಿ ಒಂದು ಬಿಂದುವನ್ನು ಗುರುತಿಸುತ್ತಾರೆ. ಅಲ್ಲಿಂದ ಹಿಂದಿನ ನಿಲ್ದಾಣಕ್ಕೂ ಮುಂದಿನದಕ್ಕೂ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಸಮಾನ ಸಮಯ ಹಿಡಿಯುತ್ತದೆ. ಸರಿಯಾಗಿ ಅದೇ ಬಿಂದುವಿನಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿಯಿತು, ಜೊತೆಗೆ ಒಂದು ಎಂಜಿನ್ ಕೂಡ ನಿಂತಿತು ಎಂದು ಊಹಿಸುತ್ತಾರೆ. ಆಗ ಪ್ರಯಾಣಿಕರು ಉಸಿರಾಡಲು ವಿಮಾನ ಸುಮಾರು 10,000 ಅಡಿಗೆ ಇಳಿಯಬೇಕು. ಅಲ್ಲಿನ ದಟ್ಟ ಗಾಳಿಯಲ್ಲಿ ಇಂಧನ ಹೆಚ್ಚು ಉರಿಯುತ್ತದೆ. ಅಷ್ಟಾದರೂ ನಿಲ್ದಾಣ ತಲುಪುವಷ್ಟು ಇಂಧನ ಟ್ಯಾಂಕಿನಲ್ಲಿರಲೇಬೇಕು. ಅಝೋರ್ಸ್ ದ್ವೀಪಗಳ ಲಾಜೆಸ್, ಕೆನಡಾದ ಗ್ಯಾಂಡರ್ ಮುಂತಾದವು ಅಟ್ಲಾಂಟಿಕ್‌ನ ಇಂಥ ಆಸರೆಯ ನಿಲ್ದಾಣಗಳು. ಅಲ್ಲಿನ ಹವಾಮಾನ ಇಳಿಯಲು ಅನುಕೂಲವಾಗಿದೆಯೇ ಎಂದು ಪೈಲಟ್‌ಗಳು ಹಾರಾಟದ ನಡುವೆಯೂ ವಿಚಾರಿಸುತ್ತಿರುತ್ತಾರೆ.

ಸಣ್ಣ ವಿಮಾನದ ನಿಜವಾದ ತೊಡಕು ಎದುರುಗಾಳಿ. 2011ರ ಚಳಿಗಾಲದಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಹೊರಟ ಒಂದೇ ದಾರಿಯ ಹಲವು ಬೋಯಿಂಗ್ 757 ವಿಮಾನಗಳು ಬಲವಾದ ಎದುರುಗಾಳಿಯಿಂದಾಗಿ ಇಂಧನಕ್ಕಾಗಿ ಕೆನಡಾದಲ್ಲಿ ಇಳಿಯಬೇಕಾಯಿತು. ಎಕ್ಸ್‌ಎಲ್‌ಆರ್ ಸುಮಾರು 8,700 ಕಿ.ಮೀ. ಹಾರಬಲ್ಲದು, ಮ್ಯಾಡ್ರಿಡ್‌ನಿಂದ ಬೋಸ್ಟನ್‌ಗೆ ಇರುವುದು ಸುಮಾರು 5,500 ಕಿ.ಮೀ. ಹೀಗಾಗಿ ನಿಮ್ಮ ಮಗಳಿಗೆ ಆ ತೊಂದರೆ ಎದುರಾಗುವ ಸಂಭವ ತೀರಾ ಕಡಿಮೆ. ಆದರೆ ಏಳೆಂಟು ಗಂಟೆ ಕೂರಬೇಕಾಗುವುದರಿಂದ, ದಾರಿಯ ಬದಿಯ ಆಸನ ಕೇಳಿ ಪಡೆದು, ಆಗಾಗ ಎದ್ದು ನಡೆದಾಡಲು ತಿಳಿಸಿ.