ಆಂಟಿಬಾಡಿ ಬರುವ ಮೊದಲು ಲಿವರ್ ಕೋಶ ಏನು ಮಾಡುತ್ತೆ?

ಆಂಟಿಬಾಡಿ ತಯಾರಾಗುವವರೆಗೆ ಹೆಪಟೈಟಿಸ್ ಬಿ ವೈರಸ್ಸನ್ನು ಲಿವರ್ ಕೋಶ ಸುಮ್ನೆ ನೋಡ್ತಾ ಕೂತಿರುತ್ತಾ ಅಂತ ಕೇಳಿದ್ದೀರಿ. ಇಲ್ಲ. ತಡೆಯೊಡ್ಡುವ ಪ್ರೋಟೀನ್‌ಗಳು ಕೋಶದೊಳಗೇ ಇವೆ.

ಅದರಲ್ಲಿ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಎಸ್‌ಎಂಸಿ5/6 ಅನ್ನೋ ಪ್ರೋಟೀನ್‌ಗಳ ಗುಂಪು. ವೈರಸ್ಸಿನ ಡಿಎನ್‌ಎ ಕೋಶದ ನ್ಯೂಕ್ಲಿಯಸ್‌ನಲ್ಲಿ ಪುಟ್ಟ ಉಂಗುರವಾಗಿ ನೆಲೆಸುತ್ತದೆ. ಹೊಸ ವೈರಸ್‌ಗೆ ಬೇಕಾದ ಆರ್‌ಎನ್‌ಎ ತಯಾರಾಗುವುದು ಮುಖ್ಯವಾಗಿ ಅಲ್ಲಿಂದಲೇ. ಎಸ್‌ಎಂಸಿ5/6 ಆ ಉಂಗುರಕ್ಕೆ ಅಂಟಿಕೊಂಡು ಆ ತಯಾರಿಯನ್ನೇ ಅಡಗಿಸುತ್ತದೆ. ವೈರಸ್ಸೇನು ಕಮ್ಮಿಯಲ್ಲ ಬಿಡಿ! ಅದರ ಎಚ್‌ಬಿಎಕ್ಸ್ (ಎಕ್ಸ್) ಪ್ರೋಟೀನು, ಬೇಡದ ಪ್ರೋಟೀನ್‌ಗಳಿಗೆ ಗುರುತು ಹಾಕುವ ನಮ್ಮದೇ ಕೋಶದ ವ್ಯವಸ್ಥೆಯ ಭಾಗವಾದ ಡಿಡಿಬಿ1 ಅನ್ನು ಹಿಡಿದು, ಎಸ್‌ಎಂಸಿ5/6 ಮೇಲೆ 'ಇದು ಕಸ' ಅಂತ ಗುರುತು ಹಾಕಿಸುತ್ತದೆ. ಕೋಶವೇ ತನ್ನ ಕಾವಲುಗಾರನನ್ನು ಒಡೆದು ಹಾಕುತ್ತದೆ. ಇಷ್ಟೆಲ್ಲ ಬಯಲಾಗಿದ್ದು 2016ರಲ್ಲಿ. ಎಕ್ಸ್ ಪ್ರೋಟೀನ್ ಯಾಕಿದೆ ಅನ್ನುವ ಹಳೇ ಪ್ರಶ್ನೆಗೆ ಆಗ ಒಂದು ಒಳ್ಳೆ ಉತ್ತರ ಸಿಕ್ಕಿತು.

ಅಪೊಬೆಕ್3ಜಿ ಅಂತ ಇನ್ನೊಂದು ತಡೆ ಪ್ರೋಟೀನ್ ಇದೆ. ವೈರಸ್ ಆರ್‌ಎನ್‌ಎಯಿಂದ ಡಿಎನ್‌ಎ ನಕಲು ಮಾಡುವಾಗ ಈ ಪ್ರೋಟೀನ್ ಡಿಎನ್‌ಎಯ 'ಅಕ್ಷರ'ಗಳಲ್ಲಿ ಒಂದಾದ ಸೈಟೊಸಿನ್ ಅನ್ನು ಯುರಾಸಿಲ್ ಆಗಿ ಬದಲಿಸಿ ನಕಲನ್ನೇ ಕೆಡಿಸಬಲ್ಲದು.

ಹೆಪಟೈಟಿಸ್ ಸಿ ಕಥೆ ಬೇರೆ. ಅದರ ಆರ್‌ಎನ್‌ಎಯನ್ನು ಕೋಶದ ರಿಗ್-ಐ ಅನ್ನೋ ಪ್ರೋಟೀನ್ ಪತ್ತೆಹಚ್ಚಿ, ಎಂಎವಿಎಸ್ ಅನ್ನೋ ಇನ್ನೊಂದು ಪ್ರೋಟೀನ್ ಮೂಲಕ, ವೈರಸ್ ವಿರುದ್ಧ ಎಚ್ಚರಿಸುವ ಇಂಟರ್‌ಫೆರಾನ್ ತಯಾರಿಸುವಂತೆ ಸುದ್ದಿ ಮುಟ್ಟಿಸುತ್ತದೆ. ವೈರಸ್ಸಿನ ಎನ್‌ಎಸ್3/4ಎ ಕಿಣ್ವ ಆ ಎಂಎವಿಎಸ್ ಅನ್ನೇ ಕತ್ತರಿಸಿಬಿಡುತ್ತದೆ.