ಇಬ್ಬರೇ ಇರುವ ಮನೆಗೆ 260 ಯೂನಿಟ್ಟಾ?

ಎಸಿ ಇಲ್ಲ, ಇಬ್ಬರೇ ಇದ್ದೀವಿ, ಆದರೂ ಬಾಡಿಗೆ ಮನೆಗೆ 260 ಯೂನಿಟ್ ಬಂದಿದೆ ಅಂದ್ರಲ್ಲ, ಓನರ್ ಹತ್ತಿರ ಜಗಳಕ್ಕೆ ಹೋಗುವ ಮೊದಲು ಬಿಲ್ಲಿನಲ್ಲಿರುವ ಮೀಟರ್ ನಂಬರ್ ನಿಮ್ಮದೇನಾ ನೋಡಿ. ಆಮೇಲೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಕೆಳಗಿಳಿದು ಮೀಟರ್ ಮುಂದೆ ಹತ್ತು ನಿಮಿಷ ಸುಮ್ನೆ ನಿಲ್ಲಿ. ಸಣ್ಣ ಕೆಂಪು ದೀಪ ಇನ್ನೂ ಮಿಣುಕುತ್ತಿದ್ದರೆ ಬೇರೆ ಯಾರದೋ ಕರೆಂಟು ನಿಮ್ಮ ಲೆಕ್ಕಕ್ಕೆ ಬೀಳುತ್ತಿರಬಹುದು, ಇಲ್ಲಾ ವೈರಿಂಗ್‌ನಲ್ಲಿ ಲೀಕೇಜ್ ಇರಬಹುದು. ನೀರಿನ ಮೋಟರ್ ಓಡುವಾಗಲೇ ನೋಡಿ. ನಮ್ಮ ಹಳೇ ಮನೆಯಲ್ಲಿ ಸಂಪಿನ ಮೋಟರ್ ನಮ್ಮ ಮೀಟರಿಗೇ ಸೇರಿತ್ತು, ಎರಡು ವರ್ಷ ಮೂರು ಮನೆಯ ನೀರಿಗೆ ನಾವೇ ದುಡ್ಡು ಕಟ್ಟಿದೆವು!

ದೀಪ ನಿಂತೇ ಹೋಯಿತಾ? ಹಾಗಾದರೆ ಗೀಸರ್ ಮೇಲೆ ನನಗೆ ಅನುಮಾನ. 2 ಕಿಲೋವ್ಯಾಟ್ ಗೀಸರ್ ನೀರು ಕಾಯಿಸುತ್ತಾ ಅರ್ಧ ಗಂಟೆ ಓಡಿದರೆ 1 ಯೂನಿಟ್. ದಿನಕ್ಕೆ ಎರಡು ಗಂಟೆ ಅಂದರೆ ತಿಂಗಳಿಗೆ 120. ಗೃಹಜ್ಯೋತಿ ಇದ್ದರೂ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಲೇಬೇಕು, ಬರೀ ಮೇಲಿನ 60ಕ್ಕಲ್ಲ. ನಿಮಗೆ ಜಾಸ್ತಿ ಹೊಡೆತ ಬಿದ್ದಿರುವುದು ಅಲ್ಲೇ ಅನಿಸುತ್ತೆ.